ಮಸಿನಿಸ್ಸನ ಪಾತ್ರದಲ್ಲಿ ಚನ್ನಬಸವ್ವ

ಚನ್ನಬಸವ್ವನವರು ಅಮೆರಿಕಕ್ಕೆ ಬಂದ ಮೊದಲ ಐದಾರು ವರ್ಷ ಇಲ್ಲಿನ ಕನ್ನಡಿಗರಾದ ನಮಗೆಲ್ಲ ಅವರು ನಿವೃತ್ತ ಶಾಲಾ ಶಿಕ್ಷಕಿ. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಲ್ಲಿರುವ ಮಗಳು ಶೈಲಜಾ ಹಾಗೆಂದೇ ಪರಿಚಯಿಸಿದ್ದಳು. ಶೈಲಜಾ ಹೇವರ್ಡ್‌ನ ಒಂದು ಆಸ್ಪತ್ರೆಯಲ್ಲಿ ನರ್ಸು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅಂಥವಳು ಹೇಳಿದ್ದನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಪಾಟ್‌ಲಕ್‌ಗಳಲ್ಲಿ ಮಕ್ಕಳು ಅವರನ್ನು ‘ಟೀಚರ್ ಅಜ್ಜಿ’ ಎನ್ನುತ್ತಿದ್ದರು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಎತ್ತರದ ಆಳು, ಅಗಲವಾದ ಭುಜ, ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಮೊಣಕಾಲು ಮಾತ್ರ ಕೈಕೊಟ್ಟಿತ್ತು.

ಕಳೆದ ವರ್ಷದ ಯುಗಾದಿ ಊಟದ ದಿನ ಅವರ ಈ ಟೀಚರ್ ವೇಷ ಕಳಚಿಬಿತ್ತು. ಹೇವರ್ಡ್‌ನಲ್ಲಿ ಗ್ರಾನೈಟು, ಟೈಲ್ಸು ಮಾರುವ ಇಕ್ಬಾಲ್ ಲಕ್ಷ್ಮೇಶ್ವರದವರು. ನಮ್ಮ ಕಾರ್ಯಕ್ರಮಗಳಿಗೆ ಆಗಾಗ ಬರುತ್ತಿದ್ದರಾದರೂ ಅಜ್ಜಿಯನ್ನು ಎದುರಾಬದುರು ಕಂಡಿರಲಿಲ್ಲ. ಆ ದಿನ ಹೋಳಿಗೆಯ ಸಾಲಿನಲ್ಲಿ ಯಾರೋ ಹುಡುಗರು ನೂಕಾಡಿದಾಗ ಚನ್ನಬಸವ್ವ ಹಿಂತಿರುಗಿ, ಸಾವಕಾಶ ಬರ್ರಿ ಎಂದು ಒಂದು ಮಾತು ಹೇಳಿದರು. ಇಕ್ಬಾಲ್ ತಟ್ಟೆ ಹಿಡಿದವರು ಹಾಗೇ ನಿಂತುಬಿಟ್ಟರು. ಹತ್ತಿರ ಬಂದು ಮುಖ ನೋಡಿದರು.

“ಅವ್ವಾರ, ತಪ್ಪ ತಿಳೀಬ್ಯಾಡ್ರಿ. ನೀವು ಮೀಸಿ ಚನ್ನಬಸವ್ವ ಅಲ್ಲೇನ್ರಿ?”

ಪಕ್ಕದಲ್ಲೇ ಇದ್ದ ಶೈಲಜಾಳ ಮುಖ ಬಿಳಿಚಿತು. ಅವ್ವ ಮಗಳ ಕಡೆ ಒಮ್ಮೆ ನೋಡಿ, ತಟ್ಟೆಯನ್ನು ಮೇಜಿನ ಮೇಲಿಟ್ಟು, “ಹೌದಪಾ, ಆಕಿನ ನಾ” ಎಂದರು.

ಇಕ್ಬಾಲ್‌ಗೆ ಆಗ ತಡೆಯಲಾಗಲಿಲ್ಲ. ಸುತ್ತಲಿದ್ದವರಿಗೆಲ್ಲ ಹೇಳತೊಡಗಿದರು. ತಾವು ಚಿಕ್ಕವರಿದ್ದಾಗ ಲಕ್ಷ್ಮೇಶ್ವರದಲ್ಲಿ ನಾಟಕ ಕಂಪನಿಯ ಕ್ಯಾಂಪು ಹಾಕಿದರೆ ಇಡೀ ಊರು ತಗಡಿನ ಥಿಯೇಟರಿನ ಮುಂದೆ ಇರುತ್ತಿತ್ತು. ಈ ಅವ್ವ ಮೀಸೆ ಹಚ್ಚಿ, ಕತ್ತಿ ಕಟ್ಟಿ, ಪಾಳೆಯಗಾರನಾಗಿ ರಂಗಕ್ಕೆ ಬಂದರೆ ಹಿಂದಿನ ಬೆಂಚಿನವರು ಎದ್ದು ನಿಲ್ಲುತ್ತಿದ್ದರು. ಹೆಣ್ಣೆಂದು ಗೊತ್ತಿದ್ದೂ ಹೆಂಗಸರು ದೃಷ್ಟಿ ತೆಗೆಯುತ್ತಿದ್ದರು. ಅವರ ಧ್ವನಿಗೆ ಮೈಕು ಬೇಕಿರಲಿಲ್ಲ. ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಶೈಲಜಾ ಅಲ್ಲಿರಲಿಲ್ಲ, ಹೊರಗೆ ಕಾರಿನಲ್ಲಿ ಹೋಗಿ ಕುಳಿತಿದ್ದಳು.

ಶೈಲಜಾಳನ್ನು ದೂರುವಂತಿಲ್ಲ. ಗುಳೇದಗುಡ್ಡದ ಶಾಲೆಯಲ್ಲಿ ಅವಳನ್ನು ‘ನಾಟಕದಾಕಿ ಮಗಳು’ ಎಂದು ಕರೆದು ಬೆಂಚಿನ ತುದಿಗೆ ಕೂರಿಸಿದ್ದರು. ಊರಿನ ಹವ್ಯಾಸಿ ಮಂಡಳಿಗಳು ಜಾತ್ರೆ ಹುಣ್ಣಿಮೆಗೆ ನಾಟಕ ಆಡುವಾಗ ಹೆಣ್ಣು ಪಾತ್ರಕ್ಕೆ ಕಂಪನಿಯ ನಟಿಯರನ್ನು ಗೊತ್ತು ಮಾಡಿಕೊಳ್ಳುವುದು ಆ ಕಡೆ ರೂಢಿ. ಚನ್ನಬಸವ್ವ ಹಾಗೆ ಊರೂರು ತಿರುಗಿ ಮಗಳನ್ನು ಹುಬ್ಬಳ್ಳಿಯ ನರ್ಸಿಂಗ್ ಕಾಲೇಜಿನವರೆಗೆ ಓದಿಸಿದರು. ಬೆಳಗಿನ ಬಸ್ಸಿಗೆ ಮುಖದ ಬಣ್ಣ ಪೂರ್ತಿ ಹೋಗದೆ ಮನೆಗೆ ಬರುತ್ತಿದ್ದ ತಾಯಿಯನ್ನು ಓಣಿಯ ಜನ ಏನೆಂದು ನೋಡುತ್ತಿದ್ದರೋ ಅದನ್ನು ಮಗಳು ಮರೆತಿರಲಿಲ್ಲ. ಇಲ್ಲಿ ಬಂದ ಮೇಲೆ ಆ ನೋಟ ತನ್ನ ಮಗಳ ಮೇಲೆ ಬೀಳಬಾರದೆಂದು ಒಂದು ಸುಳ್ಳು ಹೇಳಿದ್ದಳು, ಅಷ್ಟೆ. ತಾಯಿಯೂ ಅದನ್ನು ನಡೆಸಿಕೊಂಡು ಬಂದಿದ್ದರು.

ಯುಗಾದಿ ಕಳೆದು ವಾರವಾಗಿರಲಿಲ್ಲ, ಗುರುಪ್ರಸಾದ ಚನ್ನಬಸವ್ವನವರ ಮನೆ ಬಾಗಿಲಿಗೆ ಹೋದರು. ಗುರುಪ್ರಸಾದ ಮೈಸೂರಿನವರು, ಸನ್ನಿವೇಲ್‌ನಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಚಿಪ್ ವಿನ್ಯಾಸ ಮಾಡಿ ನಿವೃತ್ತರಾದವರು. ವರ್ಷಕ್ಕೊಂದು ನಾಟಕ ಬರೆದು ನಮ್ಮಿಂದ ಆಡಿಸುತ್ತಾರೆ. ಆ ವರ್ಷ ಅವರು ಬರೆದದ್ದು ಎರಡು ಸಾವಿರ ವರ್ಷಕ್ಕೂ ಹಿಂದೆ ಉತ್ತರ ಆಫ್ರಿಕದ ನುಮಿಡಿಯಾ ಎಂಬ ಸೀಮೆಯನ್ನು ಆಳಿದ ಮಸಿನಿಸ್ಸ ಎಂಬ ರಾಜನ ಮೇಲೆ. ರೋಮಿನ ಸೇನಾಪತಿ ಸ್ಕಿಪಿಯೊನ ಪಾತ್ರ ನನ್ನದು, ಅದರಿಂದ ಅವರ ಜೊತೆ ನಾನೂ ಹೋಗಿದ್ದೆ.

ಗುರುಪ್ರಸಾದ ಸೋಫಾದ ಅಂಚಿನಲ್ಲಿ ಕುಳಿತು ಕಥೆ ಹೇಳಿದರು. ಮಸಿನಿಸ್ಸ ಹುಟ್ಟಿನಿಂದ ರಾಜಕುಮಾರ, ಬೆಳೆದದ್ದು ಕಾರ್ಥೇಜ್ ನಗರದಲ್ಲಿ. ಮೊದಲು ಕಾರ್ಥೇಜಿನ ಪರವಾಗಿ ರೋಮಿನ ಮೇಲೆ ಕಾದಿದ. ಆಮೇಲೆ ಗಾಳಿ ನೋಡಿ ರೋಮಿನ ಕಡೆ ಬಂದ. ಅವನ ತಂದೆಯ ರಾಜ್ಯವನ್ನು ನೆರೆಯ ದೊರೆ ಸಿಫಾಕ್ಸ್ ನುಂಗಿದ್ದ. ಕಾರ್ಥೇಜಿನ ಸೇನಾಪತಿಯ ಮಗಳು ಸೊಫೊನಿಸ್ಬಾಳನ್ನು ಮದುವೆಯಾದದ್ದೂ ಆ ಸಿಫಾಕ್ಸನೇ. ಮಸಿನಿಸ್ಸ ರೋಮಿನ ನೆರವಿನಿಂದ ಅವನನ್ನು ಸೋಲಿಸಿ ಅರಮನೆಗೆ ನುಗ್ಗಿದಾಗ ಸೊಫೊನಿಸ್ಬಾ ಎದುರಿಗೆ ಬಂದು, ನನ್ನನ್ನು ರೋಮನರ ಕೈಗೆ ಮಾತ್ರ ಕೊಡಬೇಡ ಎಂದು ಬೇಡಿದಳು. ಅವನು ಮಾತು ಕೊಟ್ಟ. ಅವಳನ್ನು ಉಳಿಸಲೆಂದು ಅದೇ ದಿನ ಮದುವೆಯಾದ. ಸ್ಕಿಪಿಯೊ ಅವನನ್ನು ಡೇರೆಗೆ ಕರೆಸಿ, ಅವಳು ರೋಮಿನ ಸೆರೆಯಾಳು, ಒಪ್ಪಿಸು ಎಂದ. ಒಪ್ಪಿಸಿದರೆ ಕೊಟ್ಟ ಮಾತು ಹೋಗುತ್ತದೆ, ಒಪ್ಪಿಸದಿದ್ದರೆ ರಾಜ್ಯ ಹೋಗುತ್ತದೆ. ಮಸಿನಿಸ್ಸ ಸೇವಕನ ಕೈಯಲ್ಲಿ ಅವಳಿಗೆ ವಿಷದ ಬಟ್ಟಲು ಕಳಿಸಿದ. ಅವಳು ಕುಡಿದಳು. ಮರುದಿನ ಸ್ಕಿಪಿಯೊ ಸೈನ್ಯದೆದುರು ಅವನಿಗೆ ಚಿನ್ನದ ಕಿರೀಟ, ದಂತದ ಪೀಠ ಕೊಟ್ಟು ರಾಜನೆಂದು ಕರೆದ. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಆಳಿದ. ತೊಂಬತ್ತರ ಹತ್ತಿರ ಬಂದಾಗಲೂ ಜೀನು ಹಾಕದ ಕುದುರೆ ಏರುತ್ತಿದ್ದನಂತೆ. ಸಾಯುವಾಗ ಅದೇ ಸ್ಕಿಪಿಯೊ ಮನೆತನದ ತರುಣನೊಬ್ಬನಿಗೆ ಹೇಳಿಕಳಿಸಿ, ತನ್ನ ರಾಜ್ಯವನ್ನು ಮಕ್ಕಳಿಗೆ ಹಂಚುವ ಕೆಲಸ ಅವನಿಗೇ ಒಪ್ಪಿಸಲು ಹೇಳಿ, ಅವನು ಬರುವ ಮೊದಲೇ ತೀರಿಕೊಂಡ.

ಚನ್ನಬಸವ್ವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಹೆಸರುಗಳಿಗೆ ಅವರ ನಾಲಗೆ ಹೊರಳಲಿಲ್ಲ. ಮಸಿನಿಸ್ಸ ಅಲ್ಲೇ ಮಾಸಣ್ಣನಾದ, ಸೊಫೊನಿಸ್ಬಾ ಸೋಪಾನವ್ವ, ನಾನು ಶಿಪಾಯಿ. ರಂಗದ ಮಾತು ಬಿಟ್ಟರೆ ನಾಟಕ ಮುಗಿಯುವವರೆಗೆ ಅವರ ಬಾಯಲ್ಲಿ ಆ ಹೆಸರುಗಳೇ ಉಳಿದವು.

ಮುದಿ ರಾಜನ ಪಾತ್ರ ನೀವು ಮಾಡಬೇಕು ಎಂದು ಗುರುಪ್ರಸಾದ ಕೇಳಿದರು. ತಾರುಣ್ಯದ ಮಸಿನಿಸ್ಸನಾಗಿ ಸುಧನ್ವ ಎಂಬ ಇಂಜಿನಿಯರು ಆಗಲೇ ಗೊತ್ತಾಗಿದ್ದ. ಕೊನೆಯ ದೃಶ್ಯಗಳ ತೊಂಬತ್ತರ ರಾಜನಿಗೆ ಜನ ಸಿಕ್ಕಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡು ಒಪ್ಪಿದರು. ಆದರೆ ಒಂದು ಶರತ್ತು ಹಾಕಿದರು. ವಿಷದ ಸುದ್ದಿ ಬರುವ ಯಾವ ದೃಶ್ಯದಲ್ಲೂ ತಾವು ಇರುವುದಿಲ್ಲ.

“ಹೇಂತಿಗೆ ವಿಷಾ ಕಳಿಸಿದಾಂವನ ಕಿರೀಟ ನಾ ತಲಿಮ್ಯಾಲೆ ಇಟ್ಕೊಳ್ಳಂಗಿಲ್ರಿ. ಮುದುಕ ಆದಮ್ಯಾಲೆ ಬೇಕಾರ ನಾ ಅವನ್ನ ನೋಡ್ಕೋತೀನಿ.”

ಗುರುಪ್ರಸಾದ ಇದನ್ನು ಹಿರಿಯರ ಹಟ ಎಂದುಕೊಂಡು ನಕ್ಕು ಒಪ್ಪಿದರು. ಶೈಲಜಾ ಮಾತ್ರ ಒಪ್ಪಲಿಲ್ಲ. ಮೊಣಕಾಲಿನ ನೆಪ ಹೇಳಿದಳು, ರಕ್ತದೊತ್ತಡದ ನೆಪ ಹೇಳಿದಳು. ಅವ್ವ ಅಷ್ಟನ್ನೂ ಕೇಳಿ, ಇಷ್ಟು ವರ್ಷ ನಿನ್ನ ಮಾತು ನಡೆಸಿದ್ದೇನೆ, ಈಗ ಎಲ್ಲರಿಗೂ ಗೊತ್ತಾಗಿದೆ, ಇನ್ನು ಮುಚ್ಚುವುದೇನಿದೆ ಎಂದರಂತೆ. ಅಳಿಯ ಮಧುಕರ್ ಅಡುಗೆಮನೆಯಿಂದಲೇ, ಹೋಗ್ಲಿ ಬಿಡು ಶೈಲೂ, ಮನೇಲಿ ಕೂತು ಏನ್ಮಾಡ್ತಾರೆ ಎಂದ. ಶೈಲಜಾ ಆಮೇಲೆ ಆ ವಿಷಯ ಎತ್ತಲಿಲ್ಲ. ತಾಲೀಮಿಗೆ ಕರೆದೊಯ್ಯುವುದಿಲ್ಲ ಎಂದಷ್ಟೇ ಹೇಳಿದಳು. ಹೀಗಾಗಿ ಫ್ರೀಮಾಂಟಿನಲ್ಲಿರುವ ನಾನು ಶನಿವಾರ ಅವರನ್ನು ಕರೆದೊಯ್ಯುವವನಾದೆ.

ತಾಲೀಮು ನಡೆದದ್ದು ಹೇವರ್ಡ್‌ನಲ್ಲಿ, ಇಕ್ಬಾಲರ ವೇರ್‌ಹೌಸಿನಲ್ಲಿ. ಗ್ರಾನೈಟಿನ ಹಲಗೆಗಳನ್ನು ಗೋಡೆಗೆ ಒರಗಿಸಿ ನಡುವೆ ಜಾಗ ಮಾಡಿಕೊಟ್ಟಿದ್ದರು. ಮೊದಲ ದಿನ ಚನ್ನಬಸವ್ವ ಬಾಯಿ ತೆರೆದಾಗ ಆ ತಗಡಿನ ಮಾಡು ಗುಂಯ್ ಎಂದಿತು. ಸೊಫೊನಿಸ್ಬಾ ಪಾತ್ರದ ವಿಭಾ ಬೆಚ್ಚಿ ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡಳು. ಇಕ್ಬಾಲರ ಕಣ್ಣಲ್ಲಿ ನೀರು. ಆದರೆ ಗುರುಪ್ರಸಾದರಿಗೆ ಬೇಕಾದದ್ದು ಅದಲ್ಲ. ಎಲ್ಲರ ಕೊರಳಿಗೂ ಸಣ್ಣ ಮೈಕು ಇರುತ್ತದೆ, ಪಕ್ಕದವರಿಗೆ ಹೇಳಿದಂತೆ ಹೇಳಿ ಸಾಕು ಎಂದರು. ಅಜ್ಜಿಗೆ ಅದು ಅವಮಾನವೆನಿಸಿತು. ಮೆಲ್ಲಗೆ ಮಾತಾಡುವುದಕ್ಕೆ ನಾಟಕವೇಕೆ, ಮನೆಯಲ್ಲೇ ಮಾತಾಡಬಹುದಲ್ಲ ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಗೊಣಗಿದರು. ಆದರೂ ಮುಂದಿನ ವಾರ ಪ್ರಯತ್ನಿಸಿದರು. ಗುರುಪ್ರಸಾದ ತಾಳ್ಮೆಯಿಂದ ಒಂದೊಂದೇ ಸಾಲನ್ನು ಇಳಿಸಿಕೊಟ್ಟರು. ಕೆಲವು ವಾರಗಳಲ್ಲಿ ಅವರ ಪಿಸುಮಾತಿಗೆ ನಮ್ಮ ಮೈ ಜುಮ್ಮೆನ್ನತೊಡಗಿತು. ಅದನ್ನು ಕಲಿಸಿದ್ದು ಗುರುಪ್ರಸಾದರೇ, ಅಜ್ಜಿಯೂ ಅದನ್ನು ಒಪ್ಪಿಕೊಳ್ಳುತ್ತಾರೆ.

ತೊಂದರೆ ಕೊಟ್ಟದ್ದು ನೆನಪು. ಒಂದು ಪುಟ ಬಾಯಿಪಾಠವಾದರೆ ಹಿಂದಿನ ಪುಟ ಮಾಯವಾಗುತ್ತಿತ್ತು. ಕಂಪನಿಯಲ್ಲಾದರೆ ಪಕ್ಕದ ಪರದೆಯ ಹಿಂದೆ ಮಾತು ಎತ್ತಿಕೊಡುವವನು ಇರುತ್ತಿದ್ದ. ಇಕ್ಬಾಲರ ಹೆಂಡತಿ ನೂರುನ್ನಿಸಾ ಮೈಸೂರಿನವರು, ಕನ್ನಡ ಓದಲು ಬರೆಯಲು ಚೆನ್ನಾಗಿ ಬಲ್ಲವರು. ಆ ಕೆಲಸ ನನಗಿರಲಿ ಎಂದು ಅವರು ಕುರ್ಚಿ ಎಳೆದುಕೊಂಡು ಕುಳಿತರು.

ಪ್ರದರ್ಶನಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಸುಧನ್ವನ ಕಂಪನಿ ಒಂದು ಬೆಳಿಗ್ಗೆ ಅವನ ತಂಡವನ್ನೇ ಕೆಲಸದಿಂದ ತೆಗೆಯಿತು. ವೀಸಾ ಉಳಿಯಬೇಕೆಂದರೆ ಬೇಗ ಬೇರೆ ಕೆಲಸ ಹಿಡಿಯಬೇಕಿತ್ತು. ಆಸ್ಟಿನ್ನಿನಲ್ಲಿ ಒಂದು ಸಿಕ್ಕಿತು, ಆದರೆ ತಕ್ಷಣ ಸೇರಬೇಕು. ಅವನು ವೇರ್‌ಹೌಸಿಗೆ ಬಂದು ವಿಷಯ ತಿಳಿಸುವಾಗ ಯಾರ ಮುಖವನ್ನೂ ನೋಡಲಿಲ್ಲ. ಹಾಲ್ ಬುಕ್ಕಾಗಿತ್ತು, ಟಿಕೆಟ್ ಕೊಟ್ಟಾಗಿತ್ತು. ನಾಟಕ ನಿಲ್ಲಿಸೋಣ ಎಂದರು ಗುರುಪ್ರಸಾದ. ಇಡೀ ಮಸಿನಿಸ್ಸನನ್ನು ವಾರವಾರ ಕೂತು ನೋಡಿ, ಮಾತು ಎತ್ತಿಕೊಡುವವರಿದ್ದರೆ ನಡೆಸಬಲ್ಲವರು ನಮ್ಮಲ್ಲಿ ಅಜ್ಜಿ ಒಬ್ಬರೇ ಇದ್ದರು. ಅವರ ಶರತ್ತು ನೆನೆದು ಯಾರೂ ಅವರ ಹೆಸರೆತ್ತಲಿಲ್ಲ.

ಆ ದಿನ ಕಾರಿನಲ್ಲಿ ಮಿಷನ್ ಬುಲೆವಾರ್ಡ್ ರಸ್ತೆಯಲ್ಲಿ ವಾಪಸು ಬರುವಾಗ ಅಜ್ಜಿ ತಾವಾಗಿಯೇ ಮಾತು ತೆಗೆದರು.

ಅವರು ನೇಕಾರರ ಮನೆಯ ಹುಡುಗಿ, ಸೋದರತ್ತೆಯೊಬ್ಬಳ ಜೊತೆ ಕಂಪನಿ ಸೇರಿದ್ದರು. ಒಂದು ಸಲ ಸೇನಾಪತಿ ಪಾತ್ರದವನಿಗೆ ಜ್ವರ ಬಂದಾಗ ಎತ್ತರದ ಹುಡುಗಿಯೆಂದು ಇವರಿಗೆ ಮೀಸೆ ಅಂಟಿಸಿದರು. ಆಮೇಲೆ ಜನ ಆ ಮೀಸೆಯನ್ನು ಬಿಡಲಿಲ್ಲ. ಕಂಪನಿಯ ನಾಯಕ ನಟ ಶಿವಪುತ್ರಪ್ಪ. ಹಾಡುಗಾರ. ಇಬ್ಬರೂ ಮೆಚ್ಚಿ ಮದುವೆಯಾದರು. ಶೈಲಜಾ ಹುಟ್ಟಿದ ವರ್ಷ ಕಂಪನಿಗೆ ಜನ ಕಡಿಮೆಯಾದರು. ಮಾಲೀಕ ಬೇರೆ ಕಂಪನಿಯಿಂದ ಹೆಸರಾದ ನಾಯಕಿಯೊಬ್ಬಳನ್ನು ಕರೆಸಲು ಹೊರಟ. ಅವಳು ಹಾಕಿದ ಶರತ್ತು ಒಂದೇ, ಮೀಸೆ ಚನ್ನಬಸವ್ವ ಇರುವ ರಂಗಕ್ಕೆ ನಾನು ಬರುವುದಿಲ್ಲ. ಮಾಲೀಕ ಶಿವಪುತ್ರಪ್ಪನನ್ನು ಕರೆದು, ನೀನೊಬ್ಬನೇ ಇರುತ್ತೀಯೋ ಇಬ್ಬರೂ ಹೋಗುತ್ತೀರೋ ಎಂದು ಕೇಳಿದ.

“ನಾ ರೊಟ್ಟಿ ಬಡಿಯಾಕ ಹತ್ತಿದ್ದೆ,” ಎಂದರು ಅಜ್ಜಿ. “ಮಾರಿಗೆ ಬಣ್ಣಾ ಹಚ್ಚೋ ಮಾಸ್ತರ ಬಂದ. ಕೈಯಾಗ ಒಂದು ಹೊಸಾ ಇಳಕಲ್ ಸೀರಿ. ಶಿವಪುತ್ರಪ್ಪ ಕೊಟ್ಟಾನ, ಕೂಸಿನ್ನ ಕರಕೊಂಡು ಸ್ವಲ್ಪ ದಿನಾ ತವರಿಗೆ ಹೋಗಿ ಬಾ ಅಂದಾನ, ಅಂದ. ಮಾಸ್ತರ ನನ್ನ ಮಾರಿ ನೋಡವಲ್ಲ. ನನಗ ತಿಳೀತು. ಅಂವ ಅಲ್ಲೇ, ಪರದೆ ಆಚೆ ಇದ್ದ. ಹಾಡಿನ ತಾಲೀಮ ಕೇಳಸ್ತಿತ್ತು.”

ಆ ಸೀರೆ ಏನು ಮಾಡಿದಿರಿ ಎಂದು ನಾನು ಕೇಳಿದೆ.

“ಉಟ್ಟು ಹರದೆ. ಸೀರಿದೇನು ತಪ್ಪು?”

ಶಿವಪುತ್ರಪ್ಪ ಇನ್ನೊಂದೇ ಸಲ ಬಂದಿದ್ದ. ಶೈಲಜಾ ಆಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಳು. ಅವನ ಧ್ವನಿ ಹೋಗಿತ್ತು, ಹಲ್ಲು ಹೋಗಿದ್ದವು. ಗುಳೇದಗುಡ್ಡದ ಮನೆಯ ಕಟ್ಟೆಯ ಮೇಲೆ ಕುಳಿತ. ಇವರು ಚಹಾ ಮಾಡಿಕೊಟ್ಟು ಎದುರಿಗೆ ಕುಳಿತರು. ಏನಾದರೂ ಹೇಳುತ್ತಾನೇನೋ ಎಂದು ನೋಡಿದರು. ಅವನು ಲೋಟ ಕೆಳಗಿಟ್ಟು, ಚಹಾ ಚೆನ್ನಾಗಿದೆ ಎಂದ. ಓಣಿಯಲ್ಲಿ ಮಗ್ಗದ ಸಪ್ಪಳವೇ ಇಲ್ಲವಲ್ಲ ಎಂದ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಮುಂದಿನ ಚಳಿಗಾಲದಲ್ಲಿ ತೀರಿಕೊಂಡನೆಂದು ಯಾರೋ ಹೇಳಿದರು. ಅಪ್ಪ ಬಂದದ್ದನ್ನು ಇವರು ಮಗಳಿಗೆ ಹೇಳಿರಲಿಲ್ಲ.

ಮನೆಯ ಮುಂದೆ ಕಾರು ನಿಂತ ಮೇಲೂ ಅಜ್ಜಿ ಇಳಿಯಲಿಲ್ಲ. ಪಾಪ, ಆ ಸುಧನ್ವನ ತಪ್ಪೇನಿದೆ, ಗುರುಪ್ರಸಾದರ ತಪ್ಪೇನಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕಂಪನಿಯಲ್ಲಿ ಒಮ್ಮೆ ಬೋರ್ಡು ಹಚ್ಚಿ ಊರಿಗೆ ಸಾರಿದ ನಾಟಕವನ್ನು ಯಾರೂ ನಿಲ್ಲಿಸಿರಲಿಲ್ಲವಂತೆ, ಮನೆಯಲ್ಲಿ ಹೆಣ ಬಿದ್ದಿದ್ದರೂ. ನಾಳೆ ಬೆಳಿಗ್ಗೆ ಬಾ, ಗುರುಪ್ರಸಾದರ ಮನೆಗೆ ಹೋಗೋಣ ಎಂದು ಹೇಳಿ ಇಳಿದರು.

ಹೀಗೆ, ವಿಷದ ದೃಶ್ಯ ಸಹಿತ, ಇಡೀ ಮಸಿನಿಸ್ಸ ಅವರ ಪಾಲಿಗೆ ಬಂದ. ಕುದುರೆಯೇರುವ ತರುಣನಾಗಿ ಅವರು ಮೊಣಕಾಲು ಮರೆತು ಹೆಜ್ಜೆ ಹಾಕಿದ್ದನ್ನು ನೋಡಿ ನಾವು ಬೆರಗಾದೆವು. ಆದರೆ ವಿಷದ ದೃಶ್ಯ ಬಂತೆಂದರೆ ಕೆಟ್ಟುಹೋಗುತ್ತಿತ್ತು. ಹಳೆಯ ಕಂಪನಿ ಧ್ವನಿ ಮರಳುತ್ತಿತ್ತು, ಕಣ್ಣು ಕೆಕ್ಕರಿಸುತ್ತಿತ್ತು, ಬಟ್ಟಲನ್ನು ಸೇವಕನ ಕೈಗೆ ಕುಕ್ಕಿ ಕೊಡುತ್ತಿದ್ದರು. ನಮ್ಮೆದುರು ನಿಂತದ್ದು ಒಬ್ಬ ಖಳನಾಯಕ.

ಗುರುಪ್ರಸಾದ ಅವರನ್ನು ಕೂರಿಸಿಕೊಂಡು ಹೇಳಿದರು, “ಅಮ್ಮ, ಅವನು ವಿಲನ್ ಅಲ್ಲ. ಅವನ ಸುತ್ತ ರೋಮಿನ ಸೈನ್ಯ ಇದೆ. ಇಲ್ಲ ಅಂದ್ರೆ ಅವನ ಜನಾನೇ ಮುಳುಗ್ತಾರೆ. ಅವನು ಇನ್ನೇನು ಮಾಡಬಹುದಿತ್ತು, ನೀವೇ ಹೇಳಿ.”

“ಹೋಗಬಹುದಿತ್ತು,” ಎಂದರು ಚನ್ನಬಸವ್ವ. “ಬಟ್ಟಲಾ ತಾನ ಹಿಡಕೊಂಡು ಆಕಿ ಮುಂದ ಹೋಗಿ ನಿಂದರಬಹುದಿತ್ತು.”

ಗುರುಪ್ರಸಾದ ಸ್ಕ್ರಿಪ್ಟಿನ ಪುಟ ತಿರುವಿದರು. ಸೇವಕನ ಕೈಯಲ್ಲೇ ಕಳಿಸಿದ ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ, ಅದನ್ನು ತಾನು ಬದಲಿಸುವುದು ಸರಿಯಲ್ಲ ಎಂದರು. ಅಜ್ಜಿ ಅದನ್ನು ಒಪ್ಪಿದರು. ನಡೆದದ್ದನ್ನು ನಡೆದಿಲ್ಲ ಎನ್ನಲಾಗುವುದಿಲ್ಲ ಎಂದರು.

ಅದೇ ದಿನ ನನ್ನ ಸ್ಕಿಪಿಯೊನನ್ನೂ ಅವರು ತಿದ್ದಿದರು. ನಾನು ಮೇಜು ಗುದ್ದಿ ಹೆಂಡತಿಯನ್ನು ಒಪ್ಪಿಸು ಎನ್ನುತ್ತಿದ್ದೆ. ಅವರು ತಲೆಯಾಡಿಸಿದರು. ತಮ್ಮ ಕಂಪನಿಯ ಮಾಲೀಕ ಎಂದೂ ಕೂಗಿದವನಲ್ಲವಂತೆ. ತಮ್ಮಾ ಎಂದು ಕರೆದು, ಹೆಗಲ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದನಂತೆ. ಎದ್ದು ಬರುವಾಗ ಶಿವಪುತ್ರಪ್ಪನಿಗೆ ಅದು ತನ್ನದೇ ತೀರ್ಮಾನ ಎನ್ನಿಸಿರಬೇಕು ಎಂದರು. ಗಂಡನ ಬಗ್ಗೆ ಅವರಿಗೆ ಆ ಯೋಚನೆ ಬಂದದ್ದು ಆಗಲೇ ಮೊದಲು ಎಂದು ನನಗೆ ತೋರಿತು.

ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ, ಸನ್ನಿವೇಲ್‌ನ ಒಂದು ಬಾಡಿಗೆ ಸಭಾಂಗಣದಲ್ಲಿ. ಮಧುಕರ್ ಮಗಳು ಹಂಸಾಳನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಶೈಲಜಾಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಬರಲಾಗುವುದಿಲ್ಲ ಎಂದಿದ್ದಳು. ಅಜ್ಜಿ ತಾವೇ ಕನ್ನಡಿ ಹಿಡಿದು ಮೀಸೆ ಅಂಟಿಸಿಕೊಂಡರು. ಬೇರೆಯವರಿಗೆ ಆ ಕೆಲಸ ಬಿಡಲಿಲ್ಲ.

ಮೊದಲ ದೃಶ್ಯಗಳು ಸಲೀಸಾಗಿ ಹೋದವು. ಡೇರೆಯ ದೃಶ್ಯದಲ್ಲಿ ನಾನು ಅವರ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ, ಅವಳನ್ನು ಒಪ್ಪಿಸಿಬಿಡು ಗೆಳೆಯ ಎಂದೆ. ನನ್ನ ಕೈಯ ಕೆಳಗೆ ಆ ಅಗಲ ಭುಜ ಕುಗ್ಗಿದ್ದು ನನಗೆ ತಿಳಿಯಿತು. ನಾನು ಪಕ್ಕಕ್ಕೆ ಸರಿದು ಪರದೆಯ ಹಿಂದೆ ನೂರುನ್ನಿಸಾರ ಬಳಿ ನಿಂತೆ.

ರಂಗದ ಮೇಲೆ ಮಸಿನಿಸ್ಸ, ಬಟ್ಟಲು ಹಿಡಿದ ಸೇವಕ, ಇಬ್ಬರೇ. ಇದನ್ನು ರಾಣಿಗೆ ಕೊಡು, ಮಸಿನಿಸ್ಸ ತಾನಿತ್ತ ಮಾತನ್ನು ಹೀಗೆ ಉಳಿಸಿಕೊಂಡ ಎಂದು ಹೇಳು ಎನ್ನುವುದು ಬರೆದಿದ್ದ ಮಾತು. ಅವರು ಬಟ್ಟಲನ್ನು ಎತ್ತಿ ಕೈಯಲ್ಲಿ ಹಿಡಿದರು. ಮಾತು ಬರಲಿಲ್ಲ. ಮರೆತರೆಂದು ನೂರುನ್ನಿಸಾ ಸಾಲನ್ನು ಎತ್ತಿಕೊಟ್ಟರು. ಅವರು ತಿರುಗಲಿಲ್ಲ. ಇನ್ನೊಮ್ಮೆ ಎತ್ತಿಕೊಟ್ಟರು. ಸಭೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಬರೆದಿದ್ದ ಮಾತನ್ನು ಅಕ್ಷರ ತಪ್ಪದೆ, ಗುರುಪ್ರಸಾದ ಕಲಿಸಿದಷ್ಟೇ ಮೆಲ್ಲಗೆ ಹೇಳಿದರು. ಸೇವಕ ಬಟ್ಟಲು ತೆಗೆದುಕೊಂಡು ಹೊರಟ. ಅವರು ಅವನನ್ನು ತಡೆದರು.

“ಇನ್ನೊಂದು ಹೇಳು. ನಾನ ಬರಬೇಕಾಗಿತ್ತು. ಆಕಿ ಮಾರಿ ನೋಡೋ ಧೈರ್ಯ ನನಗಾಗಲಿಲ್ಲ ಅಂತ ಹೇಳು.”

ಪುಸ್ತಕದ ಕನ್ನಡ ಆಡುತ್ತಿದ್ದ ರಾಜ ಆ ಒಂದು ಮಾತನ್ನು ಗುಳೇದಗುಡ್ಡದ ಕನ್ನಡದಲ್ಲಿ ಆಡಿದ. ಯಾರೂ ನಗಲಿಲ್ಲ. ಸೇವಕನ ಪಾತ್ರದ ಆನಂದತೀರ್ಥ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಭೀರ ಮನುಷ್ಯ, ಏನೂ ತೋಚದೆ ತಲೆಬಾಗಿ ಹೊರಬಂದ. ಆ ಮಾತನ್ನು ತಾನು ರಾಣಿಗೆ ತಲುಪಿಸಬೇಕೋ ಬೇಡವೋ ಎಂದು ಪರದೆಯ ಹಿಂದೆ ನನ್ನನ್ನು ಕೇಳಿದ. ತಲುಪಿಸು ಎಂದೆ. ತಲುಪಿಸಿದ. ಅನಿರೀಕ್ಷಿತವಾಗಿ ಬಂದ ಆ ಮಾತನ್ನು ಕೇಳಿ ವಿಭಾ ಬಟ್ಟಲನ್ನು ಕೆಳಗಿಟ್ಟು, ಎರಡೂ ಕೈಯಿಂದ ಮತ್ತೆ ಎತ್ತಿಕೊಂಡು ಕುಡಿದಳು.

ಮರುದಿನದ ದೃಶ್ಯದಲ್ಲಿ ನಾನು ಕಿರೀಟ ಇಡಬೇಕಿತ್ತು. ಅವರು ತಲೆ ಬಗ್ಗಿಸಿದರು. ಹತ್ತಿರದಿಂದ ನೋಡಿದರೆ ಮೀಸೆಯ ಒಂದು ತುದಿ ಒದ್ದೆಯಾಗಿ ಬಿಟ್ಟುಕೊಂಡಿತ್ತು. ಕಿರೀಟ ಇಡುವ ನೆಪದಲ್ಲಿ ಅದನ್ನು ಒತ್ತಿ ಅಂಟಿಸಿದೆ.

ಕೊನೆಯ ದೃಶ್ಯದಲ್ಲಿ ತೊಂಬತ್ತರ ರಾಜ ದಂತದ ಪೀಠದಲ್ಲಿ ಕುಳಿತು ಮಕ್ಕಳಿಗೆ ಹೇಳುತ್ತಾನೆ. ರೋಮು ಈಗ ತನ್ನನ್ನು ಕೇಳದೆಯೇ ಕಾರ್ಥೇಜಿನ ಮೇಲೆ ದಂಡು ತಂದಿದೆ, ಐವತ್ತು ವರ್ಷದ ಗೆಳೆಯನಿಗೆ ಒಂದು ಮಾತೂ ತಿಳಿಸಲಿಲ್ಲ ಎಂದು. ಅಲ್ಲಿ ನಿಜವಾಗಿಯೂ ಮಾತು ಮರೆತುಹೋಯಿತು. ನೂರುನ್ನಿಸಾ ಗಾಬರಿಯಲ್ಲಿ ಎಷ್ಟು ಗಟ್ಟಿಯಾಗಿ ಎತ್ತಿಕೊಟ್ಟರೆಂದರೆ ಹಿಂದಿನ ಸಾಲಿಗೂ ಕೇಳಿಸಿತು. ಜನ ನಕ್ಕರು. ಅಜ್ಜಿ ಪೀಠದಲ್ಲಿ ಕುಳಿತೇ ಆ ಕಡೆ ತಿರುಗಿ, ತೊಂಬತ್ತು ವರ್ಷದವನಿಗೆ ಎಲ್ಲಾ ಎಲ್ಲಿ ನೆನಪಿರುತ್ತದವ್ವಾ, ಹೇಳು ಹೇಳು ಎಂದರು. ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು.

ಪರದೆ ಬಿದ್ದ ಮೇಲೆ ಬಣ್ಣದ ಕೋಣೆಗೆ ಗುರುಪ್ರಸಾದ ಬಂದರು. ಸೇವಕನಿಗೆ ಹೇಳಿದ ಆ ಲೈನು ಸ್ಕ್ರಿಪ್ಟಲ್ಲಿ ಇರಲಿಲ್ಲ ಎಂದರು. ಇರಲಿಲ್ಲ ಎಂದು ಅಜ್ಜಿ ಒಪ್ಪಿಕೊಂಡರು. ಗುರುಪ್ರಸಾದ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನುಮೇಲೆ ಇರುತ್ತದೆ ಎಂದು ಹೊರಗೆ ಹೋದರು.

ಆಗ ಬಾಗಿಲಲ್ಲಿ ಶೈಲಜಾ ಕಂಡಳು. ಆಸ್ಪತ್ರೆಯ ನೀಲಿ ಉಡುಪಿನಲ್ಲೇ ಬಂದಿದ್ದಳು. ಯಾರಿಗೋ ಶಿಫ್ಟು ಬದಲಾಯಿಸಿಕೊಟ್ಟು, ವಿಷದ ದೃಶ್ಯದ ಮೊದಲೇ ಬಂದು ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದಳಂತೆ. ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಂಡು, ಹತ್ತಿಯಲ್ಲಿ ಅದ್ದಿ, ಹಣೆಯಿಂದ ಶುರುಮಾಡಿ ಅವರ ಮುಖದ ಬಣ್ಣ ತೆಗೆಯತೊಡಗಿದಳು. ಕಿವಿಯ ಹಿಂದೆ, ಕೊರಳ ಮಡಿಕೆಯಲ್ಲಿ, ಕೂದಲಂಚಿನಲ್ಲಿ ಒಂದು ಚೂರೂ ಉಳಿಯದಂತೆ ಒರೆಸಿದಳು. ಅಜ್ಜಿ ಕಣ್ಣು ಮುಚ್ಚಿ ಕುಳಿತಿದ್ದರು. ಹಂಸಾ ಒಳಗೆ ಬಂದು, ಅಜ್ಜಿ, ಯು ವರ್ ಸೋ ಗುಡ್ ಎಂದು ಅವರ ತೊಡೆಯ ಮೇಲೆ ಕೈಯಿಟ್ಟಳು.

ಮುಂದಿನದನ್ನು ನನಗೆ ಹೇಳಿದ್ದು ಶೈಲಜಾ. ಮಧುಕರ್ ಮಗಳನ್ನು ತನ್ನ ಕಾರಿನಲ್ಲಿ ಕರೆದೊಯ್ದಿದ್ದ. ತಾಯಿ ಮಗಳು ಇಬ್ಬರೇ ಕೊಲ್ಲಿ ದಾಟುವ ಡಂಬಾರ್ಟನ್ ಸೇತುವೆಯ ಮೇಲೆ ಬರುತ್ತಿದ್ದರು. ಸಂಜೆ, ಕೊಲ್ಲಿಯ ನೀರು ಇಳಿದು ಕೆಸರು ಹೊಳೆಯುತ್ತಿತ್ತು, ಮುಂದೆ ಎಲ್ಲೋ ಅಪಘಾತವಾಗಿ ಕಾರುಗಳು ತೆವಳುತ್ತಿದ್ದವು. ತಾನೇ ಬರಬೇಕಾಗಿತ್ತು ಎಂಬ ಆ ಮಾತನ್ನು ಅಪ್ಪ ಯಾವತ್ತಾದರೂ ಹೇಳಿದ್ದನೇ ಎಂದು ಶೈಲಜಾ ಕೇಳಿದಳು. ಇಲ್ಲ ಎಂದರು ಚನ್ನಬಸವ್ವ. ಬಂದಿದ್ದ, ಚಹಾ ಕುಡಿದು ಹೋದ ಎಂದರು. ಕಟ್ಟೆಯ ಮೇಲೆ ಕುಳಿತದ್ದು, ಮಗ್ಗದ ಮಾತೆತ್ತಿದ್ದು, ಎಲ್ಲವನ್ನೂ ಹೇಳಿದರು. ನನಗೇಕೆ ಹೇಳಲಿಲ್ಲ ಎಂದು ಮಗಳು ಕೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಅವನ ಧ್ವನಿ ಹೇಗಿತ್ತು ಎಂದು ಕೇಳಿದಳು. ಅವಳು ಅಪ್ಪನ ಹಾಡು ಕೇಳಿದವಳಲ್ಲ. ಯಾರೂ ಅದನ್ನು ಎಲ್ಲಿಯೂ ರೆಕಾರ್ಡು ಮಾಡಿರಲಿಲ್ಲ.

“ನನ್ನ ಗಂಟಲಾಗ ಅದು ಬರೂದಿಲ್ಲ,” ಎಂದರು ಅವ್ವ. “ಅಂವಂದು ಭಾಳ ಮ್ಯಾಲೆ ಹೋಗತಿತ್ತು.”

ಆದರೂ ಹಾಡಿದರು. ಶ್ರುತಿ ಸಿಗದೆ ಒಂದೆರಡು ಸಲ ನಿಲ್ಲಿಸಿ, ಕೆಳಗಿನಿಂದ ಹಿಡಿದು ಮತ್ತೆ ಶುರುಮಾಡಿದರು. ಎಲ್ಲಿ ಅವನು ಏರಿಸುತ್ತಿದ್ದನೋ ಅಲ್ಲಿ ಧ್ವನಿ ಬಿಟ್ಟು ಕೈ ಮಾತ್ರ ಎತ್ತಿ ತೋರಿಸಿದರು. ಸೇತುವೆ ಇಳಿದು, ಫ್ರೀವೇ ಬಿಟ್ಟು, ಮನೆಯ ಮುಂದೆ ಬಂದು ನಿಂತಾಗಲೂ ಹಾಡು ಮುಗಿದಿರಲಿಲ್ಲ. ಮಧುಕರ್ ಗ್ಯಾರೇಜಿನ ಬಾಗಿಲು ಮೇಲೆತ್ತಿ, ಇವರೇಕೆ ಒಳಗೆ ಬರುತ್ತಿಲ್ಲ ಎಂದು ನೋಡುತ್ತ ನಿಂತಿದ್ದ. ಶೈಲಜಾ ಕಾರಿನೊಳಗಿನಿಂದಲೇ ಅವನಿಗೆ, ಸ್ವಲ್ಪ ಇರು ಎಂದು ಕೈ ಮಾಡಿದಳು.